ಹಗ್ಗದ ಕೊನೆಗೆ ನಾನಿದ್ದೆ

ಇಂಥ ಅನುಭವಗಳನ್ನು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ನಮ್ಮ ಶಾಲೆಯ ಹಿಂದಿ ಟೀಚರೊಬ್ಬರು, ತೀರಿಹೋದ ತಮ್ಮ ತಾಯಿಯ ಬಳೆ ಸದ್ದು ಅಡುಗೆಮನೆಯಲ್ಲಿ ಕೇಳಿಸುತ್ತದೆ ಎಂದು ಒಮ್ಮೆ ಸ್ಟಾಫ್ ರೂಮಿನಲ್ಲಿ ಹೇಳಿದರು. ಕಿಟಕಿ ತೆರೆದಿತ್ತೇ, ಪಕ್ಕದ ಮನೆಯ ಗೋಡೆ ಎಷ್ಟು ದೂರ, ಅವತ್ತು ನೀವು ಎಷ್ಟು ತಾಸು ಮಲಗಿದ್ದಿರಿ ಎಂದು ನಾನು ಒಂದರ ಮೇಲೊಂದು ಪ್ರಶ್ನೆ ಹಾಕಿ ಆಕೆಯ ಬಾಯಿ ಮುಚ್ಚಿಸಿದೆ. ಆಕೆ ಅರ್ಧ ಉಂಡ ಡಬ್ಬಿ ಮುಚ್ಚಿಕೊಂಡು ಎದ್ದುಹೋದರು. ಗೆದ್ದೆ ಅಂದುಕೊಂಡಿದ್ದೆ. ಈಗ ನೀವು ನನ್ನನ್ನು ಹಾಗೆಯೇ ಕೇಳಿದರೆ ನನಗೆ ಬೇಸರವಿಲ್ಲ. ಆ ಪ್ರಶ್ನೆಗಳನ್ನೆಲ್ಲ ನನಗೆ ನಾನೇ ಕೇಳಿಕೊಂಡು ಆಗಿದೆ.

ನನ್ನ ಅಕ್ಕ ನೀಲಮ್ಮ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಮದುವೆಯಾದ ಮೂರೇ ವರ್ಷಕ್ಕೆ ಗಂಡ ತೀರಿಹೋದ. ಕಲಬುರಗಿಯ ಗಾಜಿಪುರ ಓಣಿಯ ನಮ್ಮ ತವರಿಗೆ ಬಂದು, ಮುಂದಿನ ಖೋಲಿಯಲ್ಲಿ ಹೊಲಿಗೆ ಮಷೀನು ಹಾಕಿಕೊಂಡು ಬದುಕಿದಳು. ಆ ಓಣಿಯ ಎರಡು ತಲೆಮಾರಿನ ಹೆಣ್ಣುಮಕ್ಕಳ ಜಂಪರು ಹೊಲಿದವಳು ಅವಳೇ. ನನ್ನನ್ನು ಓದಿಸಿದವಳೂ ಅವಳೇ. ಅರವತ್ತೈದು ದಾಟಿದ ಮೇಲೆ ಅವಳಿಗೆ ಮರೆವು ಶುರುವಾಯಿತು. ಮೊದಲು ಕತ್ತರಿ ಎಲ್ಲಿಟ್ಟೆ ಎಂದು ಹುಡುಕುತ್ತಿದ್ದಳು. ಆಮೇಲೆ ಕತ್ತರಿ ಕೈಯಲ್ಲಿ ಹಿಡಿದುಕೊಂಡು ಇದೇನು ಎಂದು ಕೇಳುತ್ತಿದ್ದಳು. ಆಗ ಅವಳನ್ನು ಅದೇ ಊರಿನ ಖೂಬಾ ಪ್ಲಾಟಿನ ನಮ್ಮ ಮನೆಗೆ ಕರೆತಂದೆವು. ಹೊರಗೆ ಹೋದರೆ ನನ್ನ ಸೆರಗಿನ ತುದಿಯನ್ನು ಹಿಡಿದುಕೊಂಡೇ ನಡೆಯುತ್ತಿದ್ದಳು. ನಮ್ಮ ಮನೆಯ ಪಡಸಾಲೆಯಲ್ಲೇ ಕುಳಿತು ಕೂಡ, ಮನೆ ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದಳು.

ಒಂದು ಮಂಗಳವಾರ ಬೆಳಿಗ್ಗೆ ಸೇಡಂ ರಸ್ತೆಯ ಆಸ್ಪತ್ರೆಗೆ ಅವಳನ್ನು ತೋರಿಸಲು ಹೋಗಿದ್ದೆ. ಡಾಕ್ಟರು ನೋಡಿದ್ದಾಯಿತು. ಹೊರಗಿನ ಔಷಧದ ಅಂಗಡಿಯ ಮುಂದೆ ಗದ್ದಲವಿತ್ತು. ಶಾಲೆಗೆ ತಡವಾಗುತ್ತಿತ್ತು, ಅವತ್ತು ಮಕ್ಕಳ ಪ್ರಾಯೋಗಿಕ ಪರೀಕ್ಷೆ. ಅಕ್ಕ ಸೆರಗು ಬಿಡಲಿಲ್ಲ. ನಾನು ಜಗ್ಗಿ ಕಿತ್ತುಕೊಂಡೆ. "ಬಿಡಕ್ಕಾ, ಮಂದಿ ನೋಡಾಕತ್ತಾರ. ಸಣ್ಣ ಹುಡುಗಿ ಏನು ನೀ? ಇಲ್ಲೇ ಕೂಡು" ಎಂದು ಬೆಂಚಿನ ಮೇಲೆ ಕೂರಿಸಿದೆ. ಅವಳು ತನ್ನ ಖಾಲಿ ಕೈಯನ್ನು ನೋಡಿಕೊಂಡಳು. ನಾನು ಗುಳಿಗೆ ತೆಗೆದುಕೊಂಡು ತಿರುಗುವಷ್ಟರಲ್ಲಿ ಬೆಂಚಿನ ಮೇಲೆ ಯಾರೂ ಇರಲಿಲ್ಲ. ಐದು ನಿಮಿಷವೂ ಆಗಿರಲಿಕ್ಕಿಲ್ಲ.

ಮುಂದಿನ ಹನ್ನೆರಡು ದಿನಗಳ ಬಗ್ಗೆ ಹೆಚ್ಚು ಬರೆಯಲು ನನ್ನಿಂದ ಆಗದು. ಠಾಣೆಯಲ್ಲಿ ದೂರು ಕೊಟ್ಟೆವು. ಅಕ್ಕನ ಫೋಟೊ ಹಾಕಿ ಚೀಟಿ ಅಚ್ಚು ಮಾಡಿಸಿದೆವು. ಹಸಿರು ಸೀರೆ, ಎಡಗೈಯಲ್ಲಿ ಎರಡು ತಾಮ್ರದ ಬಳೆ, ತನ್ನ ಹೆಸರು ಹೇಳುತ್ತಾಳೆ, ಮನೆಯ ವಿಳಾಸ ಹೇಳಲಾರಳು. ನಾನು ಮತ್ತು ನನ್ನ ಗಂಡ ಬಸ್ ನಿಲ್ದಾಣ, ರೈಲ್ವೆ ಸ್ಟೇಷನ್, ಗುಡಿ, ದರ್ಗಾ, ಎಲ್ಲೆಲ್ಲಿ ಅನ್ನ ಹಾಕುತ್ತಾರೋ ಅಲ್ಲೆಲ್ಲ ತಿರುಗಿದೆವು. ದವಾಖಾನೆಗಳ ಶವಾಗಾರಕ್ಕೆ ಅವರು ಒಬ್ಬರೇ ಹೋಗಿ ಬರುತ್ತಿದ್ದರು. ನಾನು ಹೊರಗೆ ಆಟೋದಲ್ಲಿ ಕುಳಿತು, ಅವರು ಬರುವಾಗ ತಲೆ ಅಲ್ಲಾಡಿಸುತ್ತಾರೋ ಇಲ್ಲವೋ ಎಂದು ಬಾಗಿಲ ಕಡೆ ನೋಡುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ನಿದ್ದೆ ಎನ್ನುವುದು ತಾಸು ಎರಡು ತಾಸು ಮಾತ್ರ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಯಾಕೆಂದರೆ ಮುಂದೆ ನಾನು ಹೇಳುವುದನ್ನು ತೂಗಿ ನೋಡುವಾಗ ನಿಮಗೆ ಇದು ಬೇಕಾಗುತ್ತದೆ.

ಹನ್ನೊಂದನೆಯ ದಿನ, ಬಸ್ ನಿಲ್ದಾಣದ ಎದುರು ಪೇರಲಹಣ್ಣು ಮಾರುವ ಹೆಂಗಸು ಫೋಟೊ ನೋಡಿ, "ಇಂಥಾಕಿ ಒಬ್ಬಾಕಿ ಹುಮನಾಬಾದ ಬಸ್ ಹತ್ತಿದ್ಲು ನೋಡ್ರಿ. ಟಿಕೀಟಿಗಿ ರೊಕ್ಕಿಲ್ಲ ಅಂತ ಕಂಡಕ್ಟರ್ ಕಮಲಾಪುರದಾಗ ಇಳಿಸಿದ್ನಂತ" ಎಂದಳು. ಹಾಗೆಂದು ಅವಳಿಗೆ ಯಾರು ಹೇಳಿದರು ಎಂದರೆ ಅವಳಿಗೂ ಗೊತ್ತಿರಲಿಲ್ಲ. ಇಂಥ ಸುದ್ದಿಗಳ ಹಿಂದೆ ನಾವು ಅಷ್ಟರಲ್ಲಿ ಏಳೆಂಟು ಕಡೆ ಓಡಿ ಬಂದಿದ್ದೆವು. ನನ್ನ ಗಂಡನಿಗೆ ಜ್ವರ. ಮರುದಿನ ಭಾನುವಾರ ನಾನೊಬ್ಬಳೇ ಚೀಟಿಗಳ ಕಟ್ಟು ಹಿಡಿದು ಕಮಲಾಪುರದ ಬಸ್ಸು ಹತ್ತಿದೆ.

ಕಮಲಾಪುರದಲ್ಲಿ ಅವತ್ತು ಕಲೆಯ ಹಬ್ಬ ನಡೆಯುತ್ತಿತ್ತು. ಕಲಬುರಗಿಯ ಕೆಲವು ಚಿತ್ರ ಕಲಾವಿದರು, ಊರಿನ ಯುವಕರು, ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಸೇರಿ ಊರ ಹೊರಗಿನ ಬಯಲಿನಲ್ಲಿ ಮೂರು ದಿನ ಮಾಡಿದ ಹಬ್ಬ. ನನಗೆ ಅದರ ಸುದ್ದಿಯೇ ಇರಲಿಲ್ಲ. ಜನ ಸೇರಿದ್ದಾರೆ, ಚೀಟಿ ಹಂಚಬಹುದು ಎಂದು ಒಳಗೆ ಹೋದೆ, ಅಷ್ಟೇ. ಶಹಾಬಾದಿ ಕಲ್ಲಿನ ಎತ್ತರದ ಹಾಸುಗಳನ್ನು ಸಾಲಾಗಿ ಮಣ್ಣಿನಲ್ಲಿ ನಿಲ್ಲಿಸಿ ಅವುಗಳ ಮೇಲೆ ಊರಿನವರ ಅಂಗೈ ಗುರುತು ಹಾಕಿಸಿದ್ದರು. ಒಂದು ದಿಬ್ಬದ ತುಂಬ ಹಳೆಯ ಕೌದಿಗಳನ್ನು ಒಂದಕ್ಕೊಂದು ಹೊಲಿದು ಹಾಸಿದ್ದರು. ಮೈಗೆಲ್ಲ ಕೆಂಪು ಮಣ್ಣು ಬಳಿದುಕೊಂಡ ಯುವಕನೊಬ್ಬ ಬಿಸಿಲಲ್ಲಿ ಅಲುಗಾಡದೆ ನಿಂತಿದ್ದ. ಜನ ಅವನ ಸುತ್ತ ನಿಂತು ಕಣ್ಣು ಮಿಟುಕಿಸುತ್ತಾನೋ ಎಂದು ಕಾಯುತ್ತಿದ್ದರು. ಬೇರೆ ದಿನವಾಗಿದ್ದರೆ ನನಗೂ ಹಿಡಿಸುತ್ತಿತ್ತೇನೋ. ಅವತ್ತು ಇವರಿಗೆಲ್ಲ ಬೇರೆ ಕೆಲಸವೇ ಇಲ್ಲವೇ ಎಂದು ಸಿಟ್ಟು ಬಂತು. ಫೋಟೊ ತೋರಿಸಿದರೆ ಜನ ಅದನ್ನೂ ಹಬ್ಬದ ಒಂದು ಭಾಗ ಎಂದುಕೊಂಡು ನಕ್ಕು ಚೀಟಿ ಮಡಚಿ ಕಿಸೆಗೆ ಹಾಕಿಕೊಳ್ಳುತ್ತಿದ್ದರು.

ಆಗ ಬೇವಿನ ಮರದ ಕೆಳಗೆ ಹಸಿರು ಸೀರೆ ಕಂಡಿತು. ನನಗೆ ಬೆನ್ನು ಮಾಡಿ, ಮೊಣಕಾಲು ಮಡಚಿ, ತಲೆ ತಗ್ಗಿಸಿ ಕುಳಿತ ಹೆಂಗಸು. ಅಕ್ಕ ಗುಂಡಿ ಹಚ್ಚುವಾಗ ಹೀಗೇ ಕೂರುತ್ತಿದ್ದಳು. ನಾನು ಓಡಿದೆ. ಚಪ್ಪಲಿ ಒಂದು ಕಡೆ ಕಳಚಿಬಿತ್ತು. ಭುಜ ಹಿಡಿದು ತಿರುಗಿಸಿದರೆ ಕೈಗೆ ಹುಲ್ಲು ಬಂತು. ಜೋಳದ ಕಣಿಕೆಯಿಂದ ಕಟ್ಟಿದ ಗೊಂಬೆ. ಮುಖದ ಜಾಗದಲ್ಲಿ ಬರೀ ಬಿಳಿ ಬಟ್ಟೆ. ನಾನು ಅದನ್ನು ಹಿಡಿದುಕೊಂಡೇ ಅಲ್ಲಿ ಕುಸಿದು ಕುಳಿತು ಅತ್ತೆ. ಹನ್ನೆರಡು ದಿನದಲ್ಲಿ ಅವತ್ತೇ ಮೊದಲು ಅತ್ತದ್ದು.

ಆ ಗೊಂಬೆ ಮಾಡಿದಾತನೇ ನೀರು ತಂದುಕೊಟ್ಟ. ಹೆಸರು ಶರಣು, ನಲವತ್ತರ ವಯಸ್ಸು, ಕಲಬುರಗಿಯಲ್ಲಿ ಚಿತ್ರಕಲೆ ಹೇಳಿಕೊಡುವಾತ. ಫೋಟೊವನ್ನು ಬಹಳ ಹೊತ್ತು ನೋಡಿದ. "ನಾ ಮೈಕಿನ್ಯಾಗ ಹೇಳಸ್ತೀನ್ರಿ ಮೇಡಂ. ಈಗ ಒಂದು ನಡಿಗಿ ಅದ. ಅದು ಮುಗಿಯೋ ಜಾಗದಾಗ ನಾಕು ಹಳ್ಳಿ ಮಂದಿ ಕೂಡ್ತಾರ. ಅಲ್ಲಿ ಎಲ್ಲರಿಗೂ ಫೋಟೊ ತೋರ್ಸೋಣಂತ. ನೀವೂ ಬರ್ರಿ, ಇಲ್ಲಿ ಒಬ್ಬರೇ ಕೂಡಬ್ಯಾಡ್ರಿ" ಎಂದ.

ಆ ನಡಿಗೆಯೂ ಅವರ ಒಂದು ಪ್ರಯೋಗ. ಮೂವತ್ತು ನಲವತ್ತು ಮಂದಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಒಂದೇ ಉದ್ದನೆಯ ಹಗ್ಗ ಹಿಡಿದು, ಒಬ್ಬರ ಹಿಂದೆ ಒಬ್ಬರು ಹಳ್ಳದ ದಂಡೆಗುಂಟ, ಕೆಂಪು ಬಾಳೆಯ ತೋಟದೊಳಗಿಂದ ಹಾದು ಆಚೆಯ ಕಣಕ್ಕೆ ಹೋಗಬೇಕು. ಹಗ್ಗದಲ್ಲಿ ಅಲ್ಲಲ್ಲಿ ಗಂಟು ಹಾಕಿದ್ದರು, ಒಬ್ಬೊಬ್ಬರಿಗೆ ಒಂದೊಂದು ಗಂಟು. ಎಲ್ಲರಿಗಿಂತ ಮುಂದೆ ಕಣ್ಣು ತೆರೆದುಕೊಂಡು ಶರಣು. ಪಕ್ಕದಲ್ಲಿ ಇಬ್ಬರು ಮೂವರು ಸ್ವಯಂಸೇವಕರು. ಕಬ್ಬಿಣದ ತುಂಡಿಗೆ ಬಡಿದು ಗಂಟೆ ಬಾರಿಸುವವರೆಗೆ ಯಾರೂ ಬಟ್ಟೆ ಬಿಚ್ಚಬಾರದು. ನಾನು ಕೊನೆಗೆ ಸೇರಿದವಳಾದ್ದರಿಂದ ನನಗೆ ಕೊನೆಯ ಗಂಟು ಸಿಕ್ಕಿತು. ಅದರಾಚೆ ಒಂದು ಮೊಳ ಹಗ್ಗ ಸುಮ್ಮನೆ ನೆಲಕ್ಕೆ ಜೋತು ಬಿದ್ದಿತ್ತು. ನನ್ನ ಮುಂದೆ ಇದ್ದವರು ಭೀಮರಾಯಪ್ಪ ಎಂಬ ಆ ಊರಿನ ಹಿರಿಯರು. ಬಟ್ಟೆ ಕಟ್ಟಿಕೊಳ್ಳುವ ಮೊದಲು ನನ್ನ ಹಿಂದೆ ಯಾರೂ ಇಲ್ಲದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬೆಳಗಿನ ಹನ್ನೊಂದು ಗಂಟೆಯಾಗಿತ್ತು. ಸುಡುವ ಬಿಸಿಲು.

ಹಳ್ಳದ ದಂಡೆ ಮುಗಿದು ತೋಟದೊಳಗೆ ಕಾಲಿಟ್ಟದ್ದು ಗೊತ್ತಾಯಿತು. ಬಿಸಿಲು ತಟ್ಟುವುದು ನಿಂತಿತು, ಕಾಲಿಗೆ ಮೆತ್ತನೆಯ ತೇವದ ಮಣ್ಣು ಹತ್ತಿತು, ಎರಡೂ ಕಡೆ ಒಣ ಎಲೆಗಳ ಪರಪರ ಸದ್ದು. ಹತ್ತಿಪ್ಪತ್ತು ಹೆಜ್ಜೆ ಹೋಗಿರಬೇಕು. ನನ್ನ ಸೆರಗು ಹಿಂದಕ್ಕೆ ಜಗ್ಗಿತು.

ಎಲೆಗೆ ಸಿಕ್ಕಿತು ಎಂದುಕೊಂಡೆ. ಎಲೆಗೆ ಸಿಕ್ಕರೆ ಒಮ್ಮೆ ಜಗ್ಗಿ ಬಿಟ್ಟುಬಿಡುತ್ತದೆ. ಇದು ಬಿಡಲಿಲ್ಲ. ನಾನು ಒಂದು ಹೆಜ್ಜೆ ಇಟ್ಟರೆ ಅದೂ ಒಂದು ಹೆಜ್ಜೆ ಬಂತು. ಎರಡು ವರ್ಷ ದಿನವೂ ನನ್ನ ಹೆಗಲಿಗೆ ಗೊತ್ತಿದ್ದ ಭಾರ ಅದು.

"ಜರಾ ಸಾವಕಾಶ ನಡಿ. ನನಗ ಕಾಲು ನೋಯಾಕತ್ತಾವ."

ಅಕ್ಕನ ದನಿ. ದೂರದಿಂದ ಬಂದಂತೆ ಇರಲಿಲ್ಲ, ಗಾಳಿಯಲ್ಲಿ ತೇಲಿ ಬಂದಂತೆಯೂ ಇರಲಿಲ್ಲ. ನನ್ನ ಬಲಗಿವಿಯ ಹಿಂದೆ, ಅವಳು ಇರಬೇಕಾದಲ್ಲಿಂದಲೇ ಬಂತು. ಸ್ವಲ್ಪ ಉಬ್ಬಸವೂ ಇತ್ತು. ನಾನು ಹಗ್ಗ ಬಿಡದೆ, ಮುಖ ತಿರುಗಿಸದೆ, "ಎಲ್ಲಿದ್ದಿ ಅಕ್ಕಾ ಇಷ್ಟು ದಿನ?" ಎಂದೆ.

"ಎಲ್ಲಿರ್ತೀನಿ? ನಿನ್ನ ಹಿಂದೇ ಅದೀನಲ್ಲ."

"ಉಂಡೀ ಏನು?"

"ಹ್ಞೂಂ. ಯಾರೋ ಕೊಟ್ರು."

ಎಡಗೈಯಲ್ಲಿ ಹಗ್ಗ ಹಿಡಿದು ಬಲಗೈಯನ್ನು ಹಿಂದಕ್ಕೆ ಚಾಚಿದೆ. ಸೆರಗಿನ ಮೇಲೆ ಬೆರಳುಗಳಿದ್ದವು. ನಲವತ್ತು ವರ್ಷ ಸೂಜಿ ಚುಚ್ಚಿಸಿಕೊಂಡು ಗಟ್ಟಿಯಾದ ನಡುಬೆರಳ ತುದಿ ನನ್ನ ಅಂಗೈಗೆ ತಾಗಿತು. ಬೆಚ್ಚಗೂ ಇರಲಿಲ್ಲ, ತಣ್ಣಗೂ ಇರಲಿಲ್ಲ. ಕೈ ಹೇಗಿರುತ್ತದೋ ಹಾಗಿತ್ತು.

ಯಾಕೆ ಬಟ್ಟೆ ಬಿಚ್ಚಲಿಲ್ಲ ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳಿದ್ದಾರೆ. ಪ್ರಯೋಗ ಮಾಡಿ ನೋಡಿದ ಮೇಲೆ ನಂಬಿ ಎಂದು ಮಕ್ಕಳಿಗೆ ಹೇಳುತ್ತಾ ಬಂದವಳು ನಾನು. ಒಂದು ಕೈ ಎತ್ತಿ ಬಟ್ಟೆ ಸರಿಸಿದರೆ ಸಾಕಿತ್ತು. ಸರಿಸಿದರೆ ಅವಳು ಇರುವುದಿಲ್ಲ ಎಂದು ನನಗೆ ಯಾಕೋ ಬಲವಾಗಿ ಅನಿಸಿತು. ಇಲ್ಲ ಎಂದು ಗೊತ್ತಾಗುವುದಕ್ಕಿಂತ ಹೀಗೇ ನಡೆಯುತ್ತಿದ್ದರೆ ಸಾಕು, ಈ ತೋಟ ಮುಗಿಯದಿದ್ದರೆ ಸಾಕು ಎಂದುಕೊಂಡೆ. ಅವಳ ಬೆರಳುಗಳನ್ನು ಹಿಡಿದುಕೊಂಡೇ ನಡೆದೆ. ಆಸ್ಪತ್ರೆಯ ಮುಂದೆ ಸೆರಗು ಕಿತ್ತುಕೊಂಡದ್ದಕ್ಕೆ ತಪ್ಪಾಯಿತು ಎಂದೆ. ಅವಳ ಬೆರಳುಗಳು ಬಿಗಿಯಾಗಲೂ ಇಲ್ಲ, ಸಡಿಲಾಗಲೂ ಇಲ್ಲ. ಅದು ಅವಳಿಗೆ ನೆನಪಿರಲಿಲ್ಲವೇನೋ.

ಮುಂದೆ ಎಲ್ಲೋ ಜನರ ಗದ್ದಲ ಕೇಳಿಸತೊಡಗಿತು. ಕಣ ಹತ್ತಿರ ಬಂದಿತ್ತು. ಆಗ ಅವಳು ಕೇಳಿದಳು, "ಮನಿ ಬಂತೇನ?"

ದಿನಕ್ಕೆ ಹತ್ತು ಸಲ ಕೇಳುತ್ತಿದ್ದ ಪ್ರಶ್ನೆ. ದಿನಕ್ಕೆ ಹತ್ತು ಸಲ ಕೊಡುತ್ತಿದ್ದ ಉತ್ತರವೇ ನನ್ನ ಬಾಯಿಂದ ಬಂತು. "ಬಂತಕ್ಕಾ. ಮನಿ ಬಂತು ನೋಡು."

ಬೆರಳುಗಳು ಸಡಿಲಾದವು. ಸೆರಗು ಹಗುರಾಗಿ ನನ್ನ ಬೆನ್ನಿಗೆ ಬಿತ್ತು. ಅಕ್ಕಾ ಎಂದು ಕೂಗುವುದಕ್ಕೂ ಗಂಟೆಯ ಸದ್ದು ಆಗುವುದಕ್ಕೂ ಸರಿಹೋಯಿತು. ಬಟ್ಟೆ ಕಿತ್ತೆಸೆದು ತಿರುಗಿದೆ. ಕಣ್ಣಿಗೆ ಬೆಳಕು ಹೊಡೆದು ಕ್ಷಣ ಏನೂ ಕಾಣಲಿಲ್ಲ. ಕಂಡಾಗ, ಎರಡು ಸಾಲು ಬಾಳೆ, ನಡುವೆ ನಾವು ನಡೆದು ಬಂದ ದಾರಿ, ಬೇರೆ ಯಾರೂ ಇರಲಿಲ್ಲ.

ನಾನು ಕೂಗುತ್ತಾ ತೋಟದೊಳಗೆ ಓಡಿದೆ. ನನ್ನ ಹಿಂದೆ ಶರಣು, ಅವನ ಹಿಂದೆ ಊರಿನ ಮಂದಿ. ಸಂಜೆಯವರೆಗೆ ಒಂದೊಂದು ಸಾಲು ಹುಡುಕಿದೆವು. ಹಳ್ಳ, ಬಾವಿ, ಪಂಪಿನ ಕೋಣೆ ಏನನ್ನೂ ಬಿಡಲಿಲ್ಲ. ಮಣ್ಣಿನಲ್ಲಿ ಹೆಜ್ಜೆಗಳಿದ್ದವು, ಆದರೆ ನಲವತ್ತು ಜನ ತುಳಿದ ಮಣ್ಣಿನಲ್ಲಿ ಯಾರ ಹೆಜ್ಜೆ ಎಂದು ಹೇಳುವುದು? ಕೊನೆಯಲ್ಲಿ ನನ್ನ ಪಕ್ಕ ಇರಬೇಕಾಗಿದ್ದ ಸ್ವಯಂಸೇವಕಿ, ಮುಂದೆ ಒಬ್ಬರು ಕಾಲುವೆಯಲ್ಲಿ ಎಡವಿದರೆಂದು ಅತ್ತ ಹೋಗಿದ್ದಳಂತೆ. ಅವಳು ಬಿಕ್ಕುತ್ತಾ, "ಹೋಗೂತನಕಾ ಯಾರೂ ಇದ್ದಿಲ್ರಿ ಮೇಡಂ, ಖರೇ ಹೇಳ್ತೀನಿ" ಎಂದಳು.

ಭೀಮರಾಯಪ್ಪನವರು ಕಣದ ಕಟ್ಟೆಯ ಮೇಲೆ ಕುಳಿತು ಎಲ್ಲ ನೋಡುತ್ತಿದ್ದವರು ನನ್ನನ್ನು ಹತ್ತಿರ ಕರೆದರು. ನಾನು ಇನ್ನೂ ಯಾರಿಗೂ ನಡೆದದ್ದನ್ನು ಪೂರಾ ಹೇಳಿರಲಿಲ್ಲ. ಅಕ್ಕ, ಅಕ್ಕ ಎಂದು ಕೂಗಿದ್ದಷ್ಟೇ. ಅವರು ಕೇಳಿದರು, "ತಂಗೀ, ನಿನ್ನ ಹಿಂದ ಬಂದ ಹೆಣ್ಣುಮಗಳು ಮನಿ ಬಂತೇನ ಅಂತ ಕೇಳಿದ್ಲಲ್ಲ, ಆಕೀನೇ ಏನು ನಿಮ್ಮಕ್ಕ?"

ನಾನು ಅವರ ಕೈ ಹಿಡಿದುಕೊಂಡು, ಕೇಳಿಸಿದ್ದನ್ನು ಇನ್ನೊಮ್ಮೆ ಹೇಳಿರಿ ಎಂದೆ.

ಮುಂದಿನ ಮೂರು ದಿನ ಕಮಲಾಪುರದಲ್ಲಿ ಮನೆಮನೆಗೆ ಹೋದೆವು. ಪೊಲೀಸರೂ ಬಂದರು. ಅಂಥ ಹೆಂಗಸನ್ನು ಆ ಊರಿನಲ್ಲಿ ಯಾರೂ ನೋಡಿರಲಿಲ್ಲ. ಯಾರೂ ಅವಳಿಗೆ ಅನ್ನ ಕೊಟ್ಟಿರಲಿಲ್ಲ. ಆರು ವರ್ಷವಾಯಿತು. ಅಕ್ಕ ಸಿಕ್ಕಿಲ್ಲ, ಅಕ್ಕನ ದೇಹವೂ ಸಿಕ್ಕಿಲ್ಲ.

ನನ್ನ ಗಂಡ ಒಳ್ಳೆಯವರು. ಒಂದು ದಿನ ಮೆಲ್ಲಗೆ ಹೇಳಿದರು, "ಫೋನಿನ್ಯಾಗ ನಿಮ್ಮಿಬ್ಬರ ದನಿ ಒಂದೇ, ಯಾವುದು ಯಾರ್ದಂತ ನನಗ ಎಂದೂ ಗುರ್ತ ಹತ್ತಿಲ್ಲ. ಎರಡೂ ಮಾತು ನೀನೇ ಆಡಿರಬೇಕು. ಆ ಹಿರಿಯರು ಕೇಳಿದ್ದೂ ನಿನ್ನ ದನಿನೇ." ಅದು ಆಗಬಹುದಾದದ್ದೇ. ಹನ್ನೆರಡು ದಿನ ನಿದ್ದೆ ಇಲ್ಲದವಳ ಮೈಮನಸ್ಸು ಏನು ಬೇಕಾದರೂ ಮಾಡಬಹುದು. ಬೇರೆಯವರ ವಿಷಯದಲ್ಲಾಗಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ, ಹೇಳಿ ಗೆಲ್ಲುತ್ತಿದ್ದೆ. ಹಬ್ಬದವರು ನಡಿಗೆಯನ್ನು ವಿಡಿಯೊ ಮಾಡಿದ್ದರು. ನಾಲ್ಕೈದು ಸಲ ಅವರ ಬೆನ್ನು ಹತ್ತಿ ಅದನ್ನು ತರಿಸಿಕೊಂಡೆ. ಬಾಳೆಸಾಲಿನ ನಡುವೆ ನಾನು ತುಟಿ ಅಲ್ಲಾಡಿಸುತ್ತಾ ಬರುವುದು ನಾಲ್ಕು ಕ್ಷಣ ಕಾಣುತ್ತದೆ. ಮುಂದಿನಿಂದ ತೆಗೆದದ್ದು, ನನ್ನ ಹಿಂದೆ ಏನಿದೆಯೋ ನನ್ನ ಮೈಯೇ ಮರೆಮಾಡಿದೆ. ಮಾತಿನ ಸದ್ದು ತೆಗೆದುಹಾಕಿ ಅದಕ್ಕೆ ಕೊಳಲು ಸೇರಿಸಿದ್ದಾರೆ. ಮೂಲ ಬೇಕೆಂದು ಕೇಳಿದರೆ, ಜಾಗ ಸಾಲದೆ ಅಳಿಸಿಹಾಕಿದೆವು ಎಂದರು.

ಮರುವರ್ಷ ಹಬ್ಬ ನಡೆಯಲಿಲ್ಲ. ನಾನು ಶರಣುವಿನ ಮನೆಗೆ ಹೋಗಿ, ಆ ನಡಿಗೆಯನ್ನು ಇನ್ನೊಮ್ಮೆ ಮಾಡಿಸು ಎಂದು ಕೈಮುಗಿದು ಬೇಡಿಕೊಂಡೆ. ಐವತ್ತು ದಾಟಿದ ಹೆಂಗಸು ಹಾಗೆ ಬೇಡುವುದನ್ನು ಆತನಿಗೆ ನೋಡಲಾಗಲಿಲ್ಲ. ಒಂದು ಭಾನುವಾರ ನಾವಿಬ್ಬರೇ ಹೋದೆವು. ಆತ ಮುಂದೆ, ನಾನು ಹಿಂದೆ, ಅದೇ ಹಗ್ಗ, ಅದೇ ತೋಟ, ಅದೇ ಹೊತ್ತು. ಅಕ್ಕ ಹಿಡಿಯಲು ಅನುಕೂಲವಾಗಲಿ ಎಂದು ಸೆರಗನ್ನು ಉದ್ದ ಬಿಟ್ಟುಕೊಂಡಿದ್ದೆ. ಮೂರು ಸಲ ನಡೆದೆವು. ಎಲೆಗಳ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಮೂರನೆಯ ಸಲ ಮುಗಿದಾಗ ಶರಣು ಹಗ್ಗ ಸುತ್ತುತ್ತಾ ಅಳುತ್ತಿದ್ದ.

ಅವಳು ಸತ್ತಿದ್ದಳು ಎಂದುಕೊಂಡರೆ ಒಂದು ಬಗೆಯ ಸಂಕಟ. ಬದುಕಿದ್ದಳು, ನಿಜವಾಗಿಯೂ ಆ ಊರಿನಲ್ಲಿ ಅಲೆಯುತ್ತಿದ್ದವಳು ನನ್ನನ್ನು ಗುರುತು ಹಿಡಿದು ಬಂದು ಸೆರಗು ಹಿಡಿದಿದ್ದಳು, ನಾನು ತಿರುಗಿ ನೋಡಲಿಲ್ಲ ಎಂದುಕೊಂಡರೆ ಇನ್ನೊಂದು ಬಗೆಯ ಸಂಕಟ. ಮನೆ ಬಂತು ಎಂದು ನಾನು ಹೇಳಿದ್ದಕ್ಕೇ ಅವಳು ಕೈಬಿಟ್ಟಳು. ಇನ್ನೂ ಬಂದಿಲ್ಲ ಅಕ್ಕಾ, ಇನ್ನೂ ದೂರ ಇದೆ, ಗಟ್ಟಿ ಹಿಡಿ ಎಂದಿದ್ದರೆ? ಈ ಮಾತನ್ನು ಆರು ವರ್ಷಗಳಿಂದ ನನ್ನೊಳಗೆ ಹೇಳುತ್ತಲೇ ಇದ್ದೇನೆ. ಕೇಳಿಸಿಕೊಳ್ಳುವವರು ಯಾರೂ ಇಲ್ಲ.

ಕಳೆದ ತಿಂಗಳು ಠಾಣೆಯಿಂದ ಕರೆ ಬಂತು. ಹಳೆಯ ದೂರುಗಳನ್ನು ಮತ್ತೆ ಪರಿಶೀಲಿಸುತ್ತಿದ್ದರು. ಹೊಸದಾಗಿ ಬಂದ ಪೊಲೀಸ್ ಹೆಣ್ಣುಮಗಳು ಕಾಗದ ಮುಂದಿಟ್ಟುಕೊಂಡು ಮರ್ಯಾದೆಯಿಂದಲೇ ಕೇಳಿದಳು, "ಕಡೀಕ ನೀವು ಅವರನ್ನ ನೋಡಿದ್ದು ಎಲ್ಲಿರಿ ಅಮ್ಮಾ?"

ಆಕೆ ಪೆನ್ನು ಹಿಡಿದು ಕಾಯುತ್ತಿದ್ದಳು.

"ಸೇಡಂ ರಸ್ತ್ಯಾಗ" ಎಂದೆ. ಆಕೆ ಬರೆದುಕೊಂಡಳು. ನೋಡಿದ್ದು ಅಲ್ಲಿಯೇ, ಅದು ಸುಳ್ಳಲ್ಲ. ಅದಕ್ಕಿಂತ ಬೇರೆ ಏನು ಹೇಳಬಹುದಿತ್ತು ಎಂದು ನಿಮಗೆ ಹೊಳೆದರೆ ಹೊಳೆಯಲಿ. ನನಗಂತೂ ಈ ಸಾಲು ಬರೆಯುವವರೆಗೂ ಹೊಳೆದಿಲ್ಲ.